ಹಾರ್ನ್ ಹೊಡೆದರೆ ನೀರು ಬರುವ ಮನೆ

ನಾನು ಇಲ್ಲಿಯವರೆಗೆ ಯಾವ ವಾದದಲ್ಲೂ ಸೋತವನಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ನನ್ನ ಈಗಿನ ಸ್ಥಿತಿಗೆ ಕಾರಣ ಏನೆಂದು ಹೇಳುತ್ತಿದ್ದೇನೆ.

ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗೆ ಇಬ್ಬರನ್ನು ಕಳಿಸುತ್ತಿದ್ದರು. ಒಬ್ಬ ವಿಷಯದ ಪರ, ಇನ್ನೊಬ್ಬ ವಿರೋಧ. ಒಮ್ಮೆ ನನ್ನ ಜೋಡಿಗಾರನಿಗೆ ಜ್ವರ ಬಂದಾಗ ಎರಡೂ ಕಡೆ ನಾನೇ ಮಾತಾಡುತ್ತೇನೆಂದು ಹಠ ಹಿಡಿದೆ. ತೀರ್ಪುಗಾರರು ಒಪ್ಪಲಿಲ್ಲ. ಅವರು ಒಪ್ಪದಿದ್ದುದು ಹೇಗೆ ತಪ್ಪು ಎಂದು ವಿವರಿಸುತ್ತಾ ಬಸ್ ಸ್ಟ್ಯಾಂಡಿನವರೆಗೂ ಅವರ ಹಿಂದೆ ಹೋದೆ. ಮುಂದಿನ ವರ್ಷ ರೋಲಿಂಗ್ ಶೀಲ್ಡ್ ಹೊತ್ತು ತಂದೆ. ಮಾತು ಉದ್ದವಾದರೆ ಅಲ್ಲಿ ಗಂಟೆ ಹೊಡೆಯುತ್ತಾರೆ: ಮೊದಲನೆಯದು ಎಚ್ಚರಿಕೆಗೆ, ಎರಡನೆಯದಕ್ಕೆ ಬಾಯಿ ಮುಚ್ಚಬೇಕು. ನಾನು ಎರಡನೆಯ ಗಂಟೆಯ ಮೇಲೂ ಮಾತಾಡಿ ಗೆದ್ದವನು!

ಈಗ ಹೊಸಪೇಟೆಯ ಒಂದು ಕೋಚಿಂಗ್ ಸೆಂಟರಿನಲ್ಲಿ ತರ್ಕ ಕಲಿಸುತ್ತೇನೆ. ದೇವರು, ದೆವ್ವ, ವಾಸ್ತು, ಹಲ್ಲಿ ಶಕುನ ಯಾವುದನ್ನೂ ನಂಬುವುದಿಲ್ಲ. ನಂಬಿದ್ದು ನನ್ನ ಬಾಯಿಯನ್ನು ಮಾತ್ರ.

ಹೆಂಡತಿ ಸುಮಂಗಲಾ ಕಂಪ್ಲಿಯ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ದಿನಾ ಹೊಸಪೇಟೆಯಿಂದ ಬಸ್ಸಿನಲ್ಲಿ ನಿಂತು ಹೋಗಿ, ನಿಂತು ಬರುತ್ತಾಳೆ. ಮದುವೆಯಾದಾಗಿನಿಂದ ಅವಳು ಕೇಳಿದ್ದು ಒಂದೇ: ಕಂಪ್ಲಿಯಲ್ಲಿ ಒಂದು ಬಾಡಿಗೆ ಮನೆ. ಕಡೆಗೆ ತಾನೇ ಹುಡುಕಿಯೂ ಬಂದಳು. ರೈಸ್ ಮಿಲ್ಲಿನ ಮನೆತನದ ಗೌರಮ್ಮ ಎಂಬವರದು. ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಗೆ ಕಿಟಕಿ, ಕಿಟಕಿಯಾಚೆ ಕರಿಬೇವಿನ ಗಿಡ. ಕೈಚಾಚಿದರೆ ಒಗ್ಗರಣೆಗೆ ಸಿಗುತ್ತದಂತೆ. ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು. ನಾನು ನೋಡಲಿಲ್ಲ. ನನ್ನ ವಾದದ ಮೊದಲನೇ ಅಂಶವನ್ನು ಯೋಚಿಸುತ್ತಿದ್ದೆ.

ಯಾಕೆಂದರೆ ಅದೇ ವಾರ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದ್ದೆ. ಯಾವುದೋ ಗಂಡ ಹೆಂಡತಿ ಗಾಡಿಯಲ್ಲೇ ಮಂಚ, ಒಲೆ, ನಳ, ಪರದೆ ಎಲ್ಲ ಕೂಡಿಸಿಕೊಂಡು ಊರೂರು ತಿರುಗುತ್ತಾ ಸಂಸಾರ ಮಾಡುತ್ತಾರೆ. ಬೆಳಗ್ಗೆ ಎದ್ದು ಬಾಗಿಲು ತೆಗೆದರೆ ಬೆಟ್ಟ. ಇಬ್ಬರೂ ನಗುತ್ತಾರೆ. ಯಾಕೆ ನಗುತ್ತಾರೆಂದು ನನಗೆ ಈಗ ಗೊತ್ತು: ವಿಡಿಯೊ ಮುಗಿದ ಮೇಲೆ ಅವರಿಗೆ ಹೋಗಲು ಬೇರೆ ಮನೆ ಇದೆ.

"ಗೃಹವೆಂದರೇನು?" ಎಂದು ಶುರು ಮಾಡಿದೆ. "ನಾಲ್ಕು ಗೋಡೆಗಳೇ? ಗೋಡೆ ಚಲಿಸಬಾರದೆಂದು ಯಾವ ಶಾಸ್ತ್ರದಲ್ಲಿದೆ? ನಾವು ಮನೆಯ ಬಳಿಗೆ ಹೋಗುವುದು ಗುಲಾಮಗಿರಿ, ಮನೆ ನಮ್ಮ ಬಳಿಗೆ ಬರುವುದು ಸ್ವಾತಂತ್ರ್ಯ!"

"ನೀವು ಪುಸ್ತಕದ ಕನ್ನಡ ಶುರು ಮಾಡಿದ್ರ ನನಗ ಹೆದರಿಕಿ ಆಗ್ತೈತ್ರಿ" ಎಂದಳು ಸುಮಾ.

ಹೆದರಿಕೆ ನಿಜವಾಯಿತು. ಕಂಪ್ಲಿ ಮನೆಯ ಅಡ್ವಾನ್ಸಿಗೆಂದು ಇಟ್ಟಿದ್ದ ದುಡ್ಡಿಗೆ ಸಾಲದ ದುಡ್ಡು ಕೂಡಿಸಿ ಒಂದು ಹಳೆಯ ಟಿಟಿ ಗಾಡಿ, ಅಂದರೆ ಟೆಂಪೋ ಟ್ರಾವೆಲರ್ ಕೊಂಡೆ. ಕುರೆಕುಪ್ಪದ ಕಡೆ ಕಾರ್ಖಾನೆಯ ಕಾರ್ಮಿಕರನ್ನು ಶಿಫ್ಟಿಗೆ ಕರೆದೊಯ್ದು ತಂದು ಸುಸ್ತಾಗಿದ್ದ ಗಾಡಿ ಅದು. ಸೀಟು ಕಿತ್ತು ಮಂಚ, ಒಲೆ, ಪಾತ್ರೆ ತೊಳೆಯುವ ತೊಟ್ಟಿ, ನೀರಿನ ಟ್ಯಾಂಕು, ಸ್ವಿಚ್ ಒತ್ತಿದರೆ ನೀರು ಸುರಿಯುವ ನಳ, ಮೂಲೆಯಲ್ಲಿ ಪುಟ್ಟದೊಂದು ಕಕ್ಕಸು ಎಲ್ಲ ಕಟ್ಟಿಸಿದೆ. ಕಿಟಕಿಗಳಿಗೆ ಬಿಳಿ ಪರದೆ ಹಾಕಿಸಿದೆ. ಕೆಂಪು ಧೂಳಿನ ಈ ಸೀಮೆಯಲ್ಲಿ ಬಿಳಿ ಪರದೆ! ಆ ಒಂದು ತೀರ್ಮಾನದಿಂದಲೇ ನನ್ನ ಬುದ್ಧಿಮಟ್ಟ ಅಳೆಯಬಹುದು.

ಗಾಡಿ ಕೈಗೆ ಬಂದದ್ದು ದಸರಾ ರಜೆ ಮುಗಿಯುತ್ತಾ ಬಂದಾಗ, ಆಯುಧ ಪೂಜೆಯ ಹಿಂದಿನ ದಿನ. ಸುಮಾ ಒಳಗೆ ಹತ್ತಿ, ಸುತ್ತ ನೋಡಿ, ಇಳಿದು ಬಂದು ಷರತ್ತು ಹಾಕಿದಳು.

"ರಜಾ ಮುಗಿಯೋತನಕ ಇದ್ರಾಗ ಇರೋಣ್ರಿ. ನನಗ ಇದು ಮನಿ ಅನ್ನಿಸ್ತಂದ್ರ ಕಂಪ್ಲಿ ಮನಿ ಮಾತು ಜನ್ಮದಾಗ ಎತ್ತಂಗಿಲ್ಲ. ಗಾಡಿ ಅನ್ನಿಸ್ತಂದ್ರ, ನೀವ ಹೋಗಿ ಗೌರಮ್ಮಾರ ಹತ್ರ ಮಾತಾಡಿ ಆ ಮನಿ ಕೊಡಸಬೇಕು. ರಜಾ ಮುಗಿಯೋತನಕ ಯಾರಿಗೂ ಕೊಡಂಗಿಲ್ಲ ಅಂದಾರ ಅವರು."

"ಒಪ್ಪಿದೆ" ಎಂದೆ. ವಿಷಯ ಗೊತ್ತಾಯಿತು, ಪಕ್ಷ ಗೊತ್ತಾಯಿತು. ಇನ್ನೇನು ಬೇಕು ನನಗೆ!

ಪ್ರತಿಪಕ್ಷ ಬಂದದ್ದು ಅಡುಗೆಮನೆಯಿಂದ. ಕೈಯಲ್ಲಿ ಹಾಲಿನ ಪಾತ್ರೆ ಹಿಡಿದು ಅವ್ವ ನಿಂತಿದ್ದಳು.

"ಹಾಲುಕ್ಕಸಬೇಕಲೇ. ಒಲಿ ಹಚ್ಚು."

"ಯಾಕವ್ವಾ? ಗಾಡಿಗೆ ಯಾರರೆ ಹಾಲುಕ್ಕಸ್ತಾರೇನು?"

"ಗಾಡಿ ಏನು ಇದು? ಮನಿ ಅಂತಿದ್ದೆಲ್ಲ ಇಷ್ಟೊತ್ತನ?"

ಸುಮಾ ಬಾಗಿಲಲ್ಲಿ ನಿಂತು ಕಿವಿಗೊಟ್ಟಿದ್ದಳು. ಇದು ಗಾಡಿ ಎಂದರೆ ಅಲ್ಲೇ ಸೋಲು. ಮನೆ ಎಂದರೆ ಮೂಢನಂಬಿಕೆಗೆ ಶರಣು. ಹದಿನೈದು ಕಾಲೇಜುಗಳ ಬಾಯಿ ಮುಚ್ಚಿಸಿದ್ದ ನಾನು, ಹಾಲಿನ ಪಾತ್ರೆ ಹಿಡಿದ ಅವ್ವನ ಮುಂದೆ ಬಾಯಿ ತೆರೆದು ನಿಂತೆ.

"...ಮನಿ" ಎಂದೆ.

"ಹಂಗ ಬಾ ದಾರಿಗೆ. ಹಾಲು ಮೂಡಲ ದಿಕ್ಕಿಗೆ ಉಕ್ಕಿ ಬೀಳಬೇಕು. ಗಾಡಿ ಪಡುವಲಕ್ಕ ವಾಲೈತಿ. ತಿರುಗಿಸು."

"ಮನಿ ತಿರುಗಿಸ್ತಾರೇನವ್ವಾ?"

"ಗಾಲಿ ಅದಾವಲ್ಲೋ!"

ನಮ್ಮ ಓಣಿಯಲ್ಲಿ ಎರಡು ಎಮ್ಮೆ ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕು. ಅಂಥಲ್ಲಿ ಮನೆಯನ್ನು ತಿರುಗಿಸಲು ಹೊರಟೆ. ಓಣಿಗೆ ಓಣಿಯೇ ಹೊರಬಂತು. ಎದುರು ಮನೆಯ ಕೊಟ್ರೇಶಪ್ಪ ತಾನೇ ಮೇಲ್ವಿಚಾರಣೆ ವಹಿಸಿಕೊಂಡು "ಬರ್ಲಿ, ಬರ್ಲಿ, ಬರ್ಲಿ" ಎಂದ. ಗಾಡಿ ಅವನದೇ ಕಟ್ಟೆಗೆ ಬಡಿದ ಮೇಲೆ "ಸಾಕು" ಎಂದ. ಅರ್ಧ ದಿನ ಕಳೆದು ಮನೆ ಮೂಡಲಕ್ಕೆ ವಾಲಿ ನಿಂತಿತು. ಅವ್ವ ಗಾಲಿಗೊಂದು ಲಿಂಬೆಹಣ್ಣನ್ನೂ ಇಟ್ಟಳು. ಮನೆಯಾದರೆ ಹಾಲು, ಗಾಡಿಯಾದರೆ ಲಿಂಬೆಹಣ್ಣು. ದೇವರ ಜೊತೆ ವ್ಯವಹಾರದಲ್ಲಿ ಅವ್ವ ಎರಡೂ ಪಕ್ಷದಲ್ಲಿ ಮಾತಾಡುತ್ತಾಳೆ. ನನಗೆ ಆ ವಿದ್ಯೆ ಎಲ್ಲಿಂದ ಬಂತೆಂದು ಈಗ ಹೊಳೆಯುತ್ತಿದೆ.

ಹಾಲು ಉಕ್ಕಿತು. ಶಾಸ್ತ್ರೋಕ್ತವಾಗಿ ಮೂಡಲಕ್ಕೇ ಹರಿಯಿತು. ಗಾಡಿ ತಿರುಗಿಸಿದ್ದರಿಂದ ಮೂಡಲ ದಿಕ್ಕಿಗೆ ಬಂದಿದ್ದುದು ಬ್ಯಾಟರಿಯ ಪೆಟ್ಟಿಗೆ. ಅವ್ವನ ಮುಖದಲ್ಲಿ ನಗೆ ಎದ್ದಿತು. ಪೆಟ್ಟಿಗೆಯಲ್ಲಿ ಹೊಗೆ ಎದ್ದಿತು!

ಓಡಿಹೋಗಿ ಮೆಕ್ಯಾನಿಕ್ ವೀರೇಶನನ್ನು ಕರೆತಂದೆ. ಹಬ್ಬಕ್ಕೆ ಅಂಗಡಿ ತೊಳೆಯುತ್ತಿದ್ದವನು ಒದ್ದೆ ಕೈಯಲ್ಲೇ ಬಂದ. ಪೆಟ್ಟಿಗೆ ತೆಗೆದು ಮೂಸಿ ನೋಡಿದ.

"ಹಾಲು ಕುಡ್ದೈತ್ರಿ ಸರ್. ಗಟ್ಟಿ ಆಗ್ತೈತಿ, ಟೆನ್ಷನ್ ತಗಾಬ್ಯಾಡ್ರಿ."

ಸುಟ್ಟ ವೈರು ಕತ್ತರಿಸಿ, ಉಳಿದ ವೈರುಗಳಿಗೆ ತನಗೆ ತಿಳಿದಂತೆ ಗಂಟು ಹಾಕಿ, ಜಲ್ದಿ ಜಲ್ದಿ ಟೇಪು ಸುತ್ತಿ ಹೋದ. ಅವನು ಯಾವುದಕ್ಕೆ ಯಾವುದನ್ನು ಗಂಟು ಹಾಕಿದ್ದನೆಂಬುದು ಮರುದಿನ ಹೊಸಪೇಟೆ ಬಸ್ ಸ್ಟ್ಯಾಂಡಿನ ಮುಂದೆ ತಿಳಿಯಿತು. ಅಡ್ಡ ಬಂದ ಆಟೋಗೆ ಹಾರ್ನ್ ಹೊಡೆದೆ.

"ರೀ! ನಳ ತಾನ ಬರಾಕ್ಹತ್ತೈತಿ!" ಹಿಂದಿನಿಂದ ಸುಮಾ ಕೂಗಿದಳು.

ಹಾರ್ನ್ ಬಿಟ್ಟೆ. ನಳ ನಿಂತಿತು. ಮತ್ತೆ ಹೊಡೆದೆ. ಮತ್ತೆ ನೀರು! ಸುಮಾ ತಾನಾಗಿ ನಳದ ಸ್ವಿಚ್ ಒತ್ತಿದಳು. ಮುಂದೆ ಹಾರ್ನ್ ಬಡಿದುಕೊಂಡಿತು. ಆಟೋದವನು ಇಳಿದು ಬಂದು "ಸರ್ಕೊಂಡೀನಲ್ರೀ, ಇನ್ನ್ಯಾಕ ಬಡಕೋತೀರಿ?" ಎಂದ. ವೀರೇಶನಿಗೆ ಫೋನ್ ಮಾಡಿದೆ.

"ಇವತ್ತು ಆಯುಧ ಪೂಜಿ ಅಲ್ರೀ ಸರ್. ಸ್ಪ್ಯಾನರು, ಸ್ಕ್ರೂಡ್ರೈವರು ಎಲ್ಲಾ ಪೂಜಿಗೆ ಇಟ್ಟೀನಿ, ಕುಂಕುಮ ಹಚ್ಚೀನಿ. ಮುಟ್ಟಂಗಿಲ್ಲ. ಆಮ್ಯಾಲ ನಾ ಮಾವನ ಊರಿಗೆ ಹೊಂಟೀನಿ. ರಜಾ ಮುಗಿಸಿಕೊಂಡು ಬರ್ರಿ, ಮಸ್ತ್ ಮಾಡಿ ಕೊಡ್ತೀನಿ."

ಮನೆಗಾಡಿ ಕೊಳ್ಳುವವರಿಗೆ ನನ್ನದೊಂದು ಹಿತವಚನ: ಕೆಡುವುದಿದ್ದರೆ ಅದು ಆಯುಧ ಪೂಜೆಯ ದಿನ ಕೆಡದಂತೆ ನೋಡಿಕೊಳ್ಳಿ. ನಾಡಿನ ಸಮಸ್ತ ಸ್ಪ್ಯಾನರುಗಳೂ ಆ ದಿನ ದೇವರಾಗಿರುತ್ತವೆ.

ಅದೇ ದಿನ ಸಂಜೆಯ ಹೊತ್ತಿಗೆ ಹಂಪಿ ಸೇರಿದೆವು. ಬಂಡೆಗಳ ಮೇಲೆ ಬಿಸಿಲು ಇಳಿಯುತ್ತಿತ್ತು, ಎಲ್ಲರೂ ಮಾತು ಬಿಟ್ಟು ಸೂರ್ಯನನ್ನು ನೋಡುತ್ತಿದ್ದರು. ಪಾರ್ಕಿಂಗಿನ ಮೂಲೆಯಲ್ಲಿ ಗಾಡಿ ನಿಲ್ಲಿಸಿ, ಬಾಗಿಲು ತೆರೆದು, "ನೋಡು, ಇದು ನಮ್ಮ ಮನೆಯ ಅಂಗಳ!" ಎಂದೆ. ಸುಮಾಳ ಮುಖ ಸ್ವಲ್ಪ ಅರಳಿತು ಎಂದು ಈಗಲೂ ಆಣೆ ಮಾಡಿ ಹೇಳಬಲ್ಲೆ. ಚಹಾಕ್ಕೆ ನೀರು ಹಿಡಿಯಲು ಒಳಗೆ ಹೋದಳು. ಸ್ವಿಚ್ ಒತ್ತಿದಳು.

ಭೋಂ!

ಸೂರ್ಯನ ಕಡೆಗಿದ್ದ ಮುಖಗಳೆಲ್ಲ ನಮ್ಮ ಕಡೆ ತಿರುಗಿದವು. ಸೀಟಿ ಊದುತ್ತಾ ಕಾವಲುಗಾರ ಬಂದ.

"ಏನ್ರಿ ಇದು, ಒಳಗ ಒಲಿ ಹಚ್ಚೀರಿ? ಇಲ್ಲಿ ಇರಂಗಿಲ್ಲ. ತೆಗೀರಿ."

"ನೋಡಿ, ಇದು ಮನೆಯೋ ಗಾಡಿಯೋ ಎಂಬುದನ್ನು ಮೊದಲು ನಿರ್ಧರಿಸೋಣ. ಆಮೇಲೆ ಯಾವ ನಿಯಮ ಅನ್ವಯ ಎಂಬುದು" ಎಂದು ಶುರು ಮಾಡಿದೆ.

ಅವನು ತಾಳ್ಮೆಯಿಂದ ಕೇಳಿದ. "ನಿರ್ಧಾರ ಮಾಡೇಬಿಡೋಣ್ರಿ. ಗಾಡಿ ಆದ್ರ, ಪಾರ್ಕಿಂಗ್ ಮುಚ್ಚಾಕ ಇನ್ನ ಸ್ವಲ್ಪ ಹೊತ್ತೈತಿ, ಆಮ್ಯಾಲ ತೆಗೀರಿ. ಮನಿ ಆದ್ರ ಈಗ ತೆಗೀರಿ. ಇಲ್ಲಿ ಹೊಸ ಮನಿ ಕಟ್ಟಂಗಿಲ್ಲ."

ಈ ವಾದ ನಡೆಯುತ್ತಿದ್ದಾಗ ಚಾವಣಿಯ ಗಾಳಿಕಿಂಡಿಯಿಂದ ಮಂಗಗಳು ಇಳಿದು, ಬಾಳೆಹಣ್ಣು ತಿಂದು, ಹಾಸಿಗೆಯ ಮೇಲೆ ಕುಳಿತು ಒಂದರ ಹೇನು ಒಂದು ಆರಿಸಿಕೊಂಡು ಹೋಗಿದ್ದವು. ಇಡೀ ಪ್ರವಾಸದಲ್ಲಿ ಅದನ್ನು ಮನೆಯೆಂದು ಯಾವ ತಕರಾರೂ ಇಲ್ಲದೆ ಒಪ್ಪಿದ್ದು ಅವು ಮಾತ್ರ.

ಸಂಡೂರಿನ ದಾರಿ ಚೆಲುವಾದದ್ದು, ಸುಳ್ಳಲ್ಲ. ಮಳೆಗಾಲ ಕಳೆದ ಬೆಟ್ಟ ಹಸಿರಾಗಿ ಹೊಳೆಯುತ್ತದೆ. ಆದರೆ ತಿರುವಿಗೊಂದು ಫಲಕ: ಹಾರ್ನ್ ಮಾಡಿ. ನಾನು ಕಾನೂನು ಪಾಲಿಸುವವನು. ಎದುರಿನಿಂದ ಅದಿರಿನ ಲಾರಿಗಳು ಬೇರೆ. ತಿರುವಿಗೊಂದು ಹಾರ್ನ್, ಹಾರ್ನಿಗೊಂದು ತಂಬಿಗೆ ನೀರು! ತೊಟ್ಟಿ ತುಂಬಿತು, ತೊಟ್ಟಿಯ ಕೆಳಗಿನ ಡಬ್ಬಿ ತುಂಬಿತು, ನೆಲದ ಮೇಲೆ ಹೊಳೆ ಹರಿಯಿತು. ಒಳಗೆ ಸೆಕೆಯೆಂದು ಕಿಟಕಿ ತೆರೆದಿದ್ದೆವು. ಲಾರಿಗಳ ಕೆಂಪು ಧೂಳು ಬಂದು ನೀರಿಗೆ ಸೇರಿತು. ಮೇಲೆ ಹತ್ತುವಷ್ಟರಲ್ಲಿ ನಮ್ಮ ಮಲಗುವ ಕೋಣೆಯಲ್ಲಿ ಭತ್ತ ನಾಟಿ ಮಾಡುವಷ್ಟು ಕೆಸರು ಸಿದ್ಧವಾಗಿತ್ತು. ಬಿಳಿ ಪರದೆಗಳ ವಿಷಯ ನಾನು ಎತ್ತುವುದಿಲ್ಲ. ಎರಡು ದಿನದ ಹಾಲು ಬ್ಯಾಟರಿ ಪೆಟ್ಟಿಗೆಯೊಳಗೆ ಹುಳಿಯಾಗಿ, ಗಾಡಿಯ ತುಂಬ ಮಜ್ಜಿಗೆ ಅಂಗಡಿಯ ವಾಸನೆ.

ಸುಮಾ ಸೀರೆ ಎತ್ತಿ ಕಟ್ಟಿ ಕೆಸರು ಬಳಿಯುತ್ತಾ ಕೇಳಿದಳು. "ಕಕ್ಕಸಿನ ಡಬ್ಬಿ ತುಂಬಿದ್ರ ಎಲ್ಲಿ ಖಾಲಿ ಮಾಡ್ತೀರಿ?"

ನಾನು ಆ ಪ್ರಶ್ನೆಗೆ ತಯಾರಾಗಿರಲಿಲ್ಲ. ಯಾವ ವಿಡಿಯೊದವನೂ ಅದನ್ನು ಹೇಳಿರಲಿಲ್ಲ. ಹೊಳೆಗೆ ಸುರಿಯುವಷ್ಟು ಹೇಸಿ ನಾನಲ್ಲ, ಅಂಗಳಕ್ಕೆ ಸುರಿಸಿಕೊಳ್ಳುವಷ್ಟು ಒಳ್ಳೆಯವರು ಯಾರೂ ಇಲ್ಲ. ಹೀಗಾಗಿ ಸ್ವಂತ ಕಕ್ಕಸನ್ನು ಬೆನ್ನಿಗೆ ಹೊತ್ತುಕೊಂಡು ಪೆಟ್ರೋಲ್ ಬಂಕಿನ ಕಕ್ಕಸು ಹುಡುಕುತ್ತಾ ಊರೂರು ಅಲೆದೆವು.

ಸಂಡೂರಿನಿಂದ ಕಂಪ್ಲಿಗೆಂದು ಹೊರಟು, ದಾರಿಯಲ್ಲಿ ಕುರೆಕುಪ್ಪದ ಹತ್ತಿರ ಊಟಕ್ಕೆ ನಿಲ್ಲಿಸಿದೆ. ಶಿಫ್ಟ್ ಬದಲಾಗುವ ಹೊತ್ತು, ರಸ್ತೆಯ ಪಕ್ಕ ಹೆಲ್ಮೆಟ್ ಹಿಡಿದು ನಾಲ್ಕಾರು ಜನ ನಿಂತಿದ್ದರು. ಅದನ್ನು ನಾನು ಗಮನಿಸಬೇಕಿತ್ತು. ಸುಮಾ ತಟ್ಟೆ ತೊಳೆಯಲು ಸ್ವಿಚ್ ಒತ್ತಿದಳು. ಹಾರ್ನ್ ಆಯಿತು. ಶಿಫ್ಟ್ ಗಾಡಿ ಕರೆಯುವುದೇ ಹಾಗೆ! ಅಷ್ಟೂ ಜನ ಓಡಿಬಂದು, ಬಾಗಿಲು ತೆಗೆದು, ದಡದಡ ಹತ್ತಿದರು.

"ಬರ್ರಿ ಬರ್ರಿ, ನಮ್ಮ ಹಳೇ ಗಾಡಿನ ಬಂತು!"

"ಸೀಟ್ ಎಲ್ಲಿ ಹಾಕೀರಿ ಡ್ರೈವರಣ್ಣ?"

"ಅಯ್ಯ, ಮಂಚ ಹಾಕ್ಯಾರ! ಮಸ್ತ್ ಆತಪಾ!" ರಾತ್ರಿಯಿಂದ ಎರಡು ಶಿಫ್ಟ್ ದುಡಿದಿದ್ದ ಒಬ್ಬ ಬೂಟು ಕಳಚಿ ಮಲಗಿಯೇಬಿಟ್ಟ.

ನಡುವಯಸ್ಸಿನ ಒಬ್ಬರು ನೇರ ಹಿಂದಿನ ಮೂಲೆಗೆ ಹೋಗಿ ಕಕ್ಕಸಿನ ಬಾಗಿಲು ತೆರೆದು ನಿಂತರು.

"ಇದು ನನ್ನ ಸೀಟ್ರಿ" ಎಂದರು. "ಭಾಳ ವರ್ಷ ಇಲ್ಲೇ ಕುಂತು ಹೋಗೀನಿ."

ನಾನು ಬಾಗಿಲಲ್ಲಿ ನಿಂತು ಘೋಷಿಸಿದೆ. "ಮಹನೀಯರೇ, ತಾವು ತಪ್ಪು ತಿಳಿದಿದ್ದೀರಿ. ಇದು ವಾಹನವಲ್ಲ. ಇದು ನಮ್ಮ ಮನೆ."

ಎಲ್ಲರೂ ಸುಮಾಳ ಕಡೆ ನೋಡಿದರು. ಅವಳು ತಟ್ಟೆ ಹಿಡಿದು, ಕೆಂಪು ಕಾಲಿನಲ್ಲಿ ನಿಂತಿದ್ದಳು. ಮಲಗಿದ್ದವನು ಎದ್ದು ಕುಳಿತ.

"ತಪ್ಪಾತ್ರಿ ಅಕ್ಕಾರ" ಎಂದು ಬೂಟು ಹಾಕಿಕೊಂಡ. ಇಳಿಯುವಾಗ ಮೆಲ್ಲಗೆ ಕೇಳಿದ. "ಮನಿ ಬಿಡಿಸ್ಯಾರೇನ್ರಿ ನಿಮಗ? ನಮ್ಮೂರು ವಡ್ಡಿನಾಗ ಒಂದು ಮನಿ ಖಾಲಿ ಐತಿ, ಬೇಕಂದ್ರ ಹೇಳ್ರಿ."

ಸುಮಾ ನಗಲಿಲ್ಲ. ಕಂಪ್ಲಿಯವರೆಗೂ ಮಾತಾಡಲಿಲ್ಲ. ನನ್ನ ಅನುಭವದಲ್ಲಿ ಎದುರಾಳಿ ಮಾತಾಡದಿದ್ದರೆ ಗೆಲುವು ನಮ್ಮದು. ನಾನು ಖುಷಿಯಲ್ಲೇ ಗಾಡಿ ಓಡಿಸಿದೆ!

ರಜೆಯ ಕೊನೆಯ ದಿನ. ಕಂಪ್ಲಿಯ ಒಂದು ಓಣಿಯಲ್ಲಿ "ಆ ಬೇವಿನ ಗಿಡದ ನೆಳ್ಳಾಗ ನಿಲ್ಲಸ್ರಿ" ಎಂದಳು ಸುಮಾ. ನಿಲ್ಲಿಸಿದೆ. ಅವಳು ಮುಖಕ್ಕೆ ಸೋಪು ಹಚ್ಚಿ ಸ್ವಿಚ್ ಒತ್ತಿದಳು. ಎರಡು ತೊಟ್ಟು ನೀರು ಬಂತು, ಹಾರ್ನ್ ಮಾತ್ರ ಪೂರ್ತಿ ಬಂತು. ಎದುರು ಗೇಟು ತೆರೆದು, ಹಣೆಯ ತುಂಬ ವಿಭೂತಿ ಹಚ್ಚಿದ ಹಿರಿಯ ಹೆಂಗಸೊಬ್ಬರು ಬಂದರು.

"ಯಾರ್ರೀ ಅದು, ಊರು ಎಬ್ಬಸಂಗ ಹೊಡಿಯೋರು? ಗೇಟಿನ ಮುಂದ ಗಾಡಿ ನಿಲ್ಲಸಬಾರದು ಅಂತ ಬೋರ್ಡ್ ಹಾಕೀನಿ, ಕಾಣಂಗಿಲ್ಲೇನು?"

ಬೋರ್ಡ್ ಇತ್ತು. ನನಗೆ ಅದರಲ್ಲಿ ಒಂದು ಸಂದು ಕಂಡಿತು. ಸಂದು ಕಂಡ ಮೇಲೆ ನುಗ್ಗದಿರಲು ನಾನೇನು ಸನ್ಯಾಸಿಯೇ?

"ಕ್ಷಮಿಸಬೇಕು ತಾಯಿ. ತಮ್ಮ ಫಲಕ ಗಾಡಿಗಳಿಗೆ ಸಂಬಂಧಿಸಿದ್ದು. ಇದು ಗಾಡಿಯಲ್ಲ. ಇದರಲ್ಲಿ ಒಲೆಯಿದೆ, ನೀರಿದೆ, ಮಂಚವಿದೆ. ನಾವು ಗಂಡ ಹೆಂಡತಿ ವಾಸವಾಗಿದ್ದೇವೆ. ಹಾಲೂ ಉಕ್ಕಿಸಿದ್ದೇವೆ. ಆದ್ದರಿಂದ ಇದು ಸರ್ವ ರೀತಿಯಿಂದಲೂ ಮನೆ!"

ಅಷ್ಟರಲ್ಲಿ ಸುಮಾ ಸೋಪಿನ ಮುಖದಲ್ಲೇ ಇಳಿದು ಬಂದಳು.

"ಅಯ್ಯ, ಟೀಚರ್!" ಎಂದರು ಅವರು. "ಇವರು ನಿಮ್ಮ ಯಜಮಾನ್ರಾ? ಮನಿ ಮಾಡಿಕೊಂಡೀರೇನು? ಒಂದು ಮಾತು ಹೇಳಬಾರದಿತ್ತಾ? ನಿಮಗ ಅಂತ ಬಂದೋರ್ನೆಲ್ಲಾ ವಾಪಸ್ ಕಳಸೀನಿ. ಆತು ಬಿಡ್ರಿ, ಸಂಜಿಕಿ ಬ್ಯಾಂಕಿನವರೊಬ್ರು ಬರ್ತಾರ, ಅವರಿಗೆ ಕೀಲಿ ಕೊಟ್ಟುಬಿಡ್ತೀನಿ."

ಗೌರಮ್ಮ! ಅವರ ಹಿಂದೆ ಗೇಟಿನೊಳಗೆ ಒಂದು ಕಿಟಕಿ, ಕಿಟಕಿಯ ಪಕ್ಕ ಕರಿಬೇವಿನ ಗಿಡ. ಸುಮಾ ನನ್ನನ್ನು ನೋಡಲಿಲ್ಲ, ಗೌರಮ್ಮನನ್ನೂ ನೋಡಲಿಲ್ಲ. ಆ ಗಿಡ ನೋಡುತ್ತಿದ್ದಳು. ಮುಖದ ಮೇಲೆ ಸೋಪು ಬಿಸಿಲಿಗೆ ಒಣಗಿ ಬಿರುಕು ಬಿಡುತ್ತಿತ್ತು. ತೊಳೆದುಕೊಳ್ಳಲು ನಮ್ಮ ಮನೆಯಲ್ಲಿ ನೀರಿರಲಿಲ್ಲ.

ಈ ಸಲ ನೋಡಿದೆ.

"ಅಮ್ಮಾ, ಒಂದ್ನಿಮಿಷ ನಿಂದರ್ರಿ" ಎಂದೆ. "ಅದು ಮನಿ ಅಲ್ರಿ."

"ಈಗರ ಮನಿ ಅಂದ್ರಿ? ಒಲಿ ಐತಿ ಅಂದ್ರಿ?"

"ಐತ್ರಿ. ಹಾಲುಕ್ಕಿದ್ರ ಹೊಗಿ ಬರ್ತೈತಿ."

"ನೀರೈತಿ ಅಂದ್ರಿ?"

"ಹಾರ್ನ್ ಹೊಡದ್ರ ಬರ್ತಿತ್ರಿ. ಈಗ ಅದೂ ಇಲ್ಲ."

"ಮಂಚ?"

"ಐತ್ರಿ. ಅದರ ಮ್ಯಾಲ ಮಂಗ್ಯಾ ಕುಂತು ಹೋಗ್ಯಾವ, ಶಿಫ್ಟಿನವರು ಮಲಗಿ ಹೋಗ್ಯಾರ. ನಾವಿಬ್ರು ಮಾತ್ರ ಕಣ್ಣು ಮುಚ್ಚಿಲ್ಲ."

"ಹಂಗಾರ ಏನ್ರಿ ಇದು?" ಗೌರಮ್ಮ ಸೊಂಟದ ಮೇಲೆ ಕೈಯಿಟ್ಟು ಗಾಡಿಯನ್ನು ಮೇಲಿಂದ ಕೆಳಗೆ ನೋಡಿದರು.

"ಗಾಡಿ ಐತ್ರೀ ಅಮ್ಮಾ. ಬರೇ ಗಾಡಿ. ಅದೂ ಹಳೇದು. ನಮಗ ಮನಿ ಇಲ್ರಿ. ಈಕಿಗೆ ನಿಮ್ಮ ಮನಿನ ಬೇಕು."

ನನ್ನ ಜೀವನದ ಅತ್ಯಂತ ಸಮರ್ಥ ಭಾಷಣ ಅದು. ಎದುರಾಳಿ ನಾನೇ ಆಗಿದ್ದರೂ ಒಂದೂ ಅಂಶ ಉಳಿಯದಂತೆ ಸೋಲಿಸಿದೆ. ಗೌರಮ್ಮ ಸೆರಗಿನ ಗಂಟು ಬಿಚ್ಚಿ ಕೀಲಿ ತೆಗೆದು ಸುಮಾಳ ಕೈಗಿಟ್ಟರು. "ಅಡ್ವಾನ್ಸ್ ನಿಧಾನಕ್ಕ ಕೊಡ್ರಿ ಟೀಚರ್. ಮೊದ್ಲು ಹೋಗಿ ಮುಖ ತೊಳಕೋರಿ." ಆಮೇಲೆ ನನ್ನ ಕಡೆ ತಿರುಗಿದರು.

"ಗಾಡಿ ಅಂದ್ರೆಲ್ಲ? ಹಂಗಾರ ಗೇಟಿನ ಮುಂದಿಂದ ತೆಗೀರಿ!"

ಅವ್ವ ಬಂದು ಆ ಮನೆಯಲ್ಲಿ ಹಾಲು ಉಕ್ಕಿಸಿದಳು. ಮೂಡಲಕ್ಕೇ ಬಿತ್ತು. ಮನೆ ತಿರುಗಿಸಬೇಕಾಗಲಿಲ್ಲ. ಈಗ ಸುಮಾ ನಡೆದು ಶಾಲೆಗೆ ಹೋಗುತ್ತಾಳೆ; ಬಸ್ಸಿನಲ್ಲಿ ನಿಂತು ಹೊಸಪೇಟೆಗೆ ಹೋಗಿ ಬರುವವನು ನಾನು.

ಗಾಡಿ ಮಾರಲು ನೋಡಿದೆ. ಗಾಡಿ ಬೇಕಾದವರು ಬಂದು "ಇದ್ರಾಗ ಮನಿ ಯಾಕೈತಿ?" ಎನ್ನುತ್ತಾರೆ. ಮನೆ ಬೇಕಾದವರು "ಇದಕ್ಕ ಗಾಲಿ ಯಾಕದಾವ?" ಎನ್ನುತ್ತಾರೆ. ಇಬ್ಬರಿಗೂ ತಕ್ಕ ಉತ್ತರ ಕೊಟ್ಟೆ. ಇಬ್ಬರೂ ನಿರುತ್ತರರಾಗಿ ಹೊರಟುಹೋದರು. ರೋಲಿಂಗ್ ಶೀಲ್ಡನ್ನು ವರ್ಷವಾದ ಮೇಲೆ ಹಿಂದಿರುಗಿಸಬಹುದಿತ್ತು. ಇದನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ.

ವೀರೇಶ ವೈರು ಸರಿಮಾಡಲು ಬಂದಿದ್ದ. ಸುಮಾ ಬಾಗಿಲಲ್ಲೇ ತಡೆದು "ಬ್ಯಾಡ್ರಿ, ಹಂಗ ಇರಲಿ" ಎಂದು ಚಹಾ ಕೊಟ್ಟು ಕಳಿಸಿದಳು. ಯಾಕೆಂದರೆ ನಮ್ಮ ಓಣಿಯಲ್ಲಿ ನಳದ ನೀರು ದಿನಾ ಬರುವುದಿಲ್ಲ. ಬಾರದ ದಿನ ನಾನು ರೈಸ್ ಮಿಲ್ಲಿನ ಬೋರಿನಲ್ಲಿ ಗಾಡಿಯ ಟ್ಯಾಂಕು ತುಂಬಿಸಿಕೊಂಡು ಬಂದು, ಗೇಟು ಬಿಟ್ಟು ಆಚೆ ನಿಲ್ಲಿಸಿ, 'ನಮ್ಮ ಮನೆ'ಯ ನಳಕ್ಕೆ ಪೈಪು ಸಿಕ್ಕಿಸಿ, ಸ್ಟೀರಿಂಗಿನ ಮುಂದೆ ಕೂರುತ್ತೇನೆ. ಓಣಿಯ ಹೆಂಗಸರು ಕೊಡ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಕರಿಬೇವಿನ ಗಿಡದ ಹಿಂದಿನ ಕಿಟಕಿಯಿಂದ ಒಗ್ಗರಣೆಯ ವಾಸನೆಯೊಂದಿಗೆ ಒಂದು ದನಿ ಬರುತ್ತದೆ.

"ರೀ, ಎರಡು ಉದ್ದ ಹಾರ್ನ್ ಹೊಡೀರಿ!"

ಮೊದಲನೆಯದಕ್ಕೆ ಕೊಡ ತುಂಬುತ್ತದೆ. ಎರಡನೆಯದಕ್ಕೆ, ಚರ್ಚಾಸ್ಪರ್ಧೆಯ ನಿಯಮದ ಪ್ರಕಾರ, ನಾನು ಬಾಯಿ ಮುಚ್ಚುತ್ತೇನೆ.